ಕಲ್ಯಾಣ್-ಡೊಂಬಿವಲಿ ಜಲಾವೃತ: ಮಳೆ ಒಂದೇ ಕಾರಣವೇ?

ಜುಲೈ 26 ಬಂತೆಂದರೆ ಇಲ್ಲಿನ ತುಳು-ಕನ್ನಡಿಗರು 2005ರ ಆ ಮಂಗಳವಾರವನ್ನು ನೆನೆಯದೆ ಇರಲಾರರು. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದರೆ, ಕೊಲಾಬಾದಲ್ಲಿ ದಾಖಲಾದದ್ದು ಅದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಒಂದೇ ನಗರದ ಎರಡು ತುದಿಗಳ ಕತೆ ಹೀಗಿರುವಾಗ, ನಮ್ಮ ಕಿಟಕಿಯಿಂದ ಹೊರಗೆ ನೋಡಿ ಮಳೆಯನ್ನು ಅಳೆಯುವುದು ಎಷ್ಟು ಸರಿ?

ಗುಜರಾತಿನಿಂದ ಕೇರಳದವರೆಗೆ ಕಡಲ ತೀರದುದ್ದಕ್ಕೂ ಕಡಿಮೆ ಒತ್ತಡದ ಪಟ್ಟಿಯೊಂದು ಚಾಚಿಕೊಂಡಾಗ ಊರಿನಲ್ಲೂ ಮಳೆ, ಇಲ್ಲೂ ಮಳೆ. ಅದೇ ಹೊತ್ತಿಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಒಡಿಶಾ ದಾಟಿ ಮಧ್ಯಭಾರತಕ್ಕೆ ಬಂದರೆ ಅರಬ್ಬಿ ಸಮುದ್ರದ ತೇವದ ಗಾಳಿ ಬಲಗೊಂಡು ಸಹ್ಯಾದ್ರಿಗೆ ಬಡಿಯುತ್ತದೆ. ಕಲ್ಯಾಣ್‌ನವರಿಗೆ ಮುಖ್ಯವಾದುದು ಈ ಬೆಟ್ಟದ ಮಳೆ. ಲೋನಾವಳಾ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ಉಲ್ಹಾಸ್ ನದಿ ಕರ್ಜತ್, ಬದ್ಲಾಪುರ ಹಾದು ಕಲ್ಯಾಣ್ ಬಳಿ ಖಾಡಿ ಸೇರುತ್ತದೆ. ಡೊಂಬಿವಲಿಯಲ್ಲಿ ಮಳೆ ನಿಂತಿದ್ದರೂ ನೀರು ಏರುವುದುಂಟು. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ-ವಾಂಗಣಿ ನಡುವೆ ನೆರೆನೀರಿನಲ್ಲಿ ಸಿಲುಕಿ, ಸುಮಾರು ಒಂದು ಸಾವಿರ ಪ್ರಯಾಣಿಕರನ್ನು ರಕ್ಷಿಸಬೇಕಾಗಿ ಬಂದದ್ದು ಇದೇ ನದಿಯಿಂದ. ಅಂಬರನಾಥ, ಉಲ್ಹಾಸನಗರಗಳ ಕೊಳಚೆ ಹೊತ್ತು ಬರುವ ವಾಲಧುನಿಯನ್ನು ನದಿಯೆಂದು ಕರೆಯಲು ಈಗ ಯಾರಿಗೂ ಮನಸ್ಸಿಲ್ಲ. ಮಳೆಗಾಲದಲ್ಲಿ ಮಾತ್ರ ಅದು ತಾನು ನದಿಯೆಂಬುದನ್ನು ಮರೆಯುವುದಿಲ್ಲ.

ನವಿಮುಂಬಯಿಯ ಸ್ಥಿತಿ ಬೇರೆ. ತಗ್ಗು ನೆಲಕ್ಕೆ ಮಣ್ಣು ತುಂಬಿ ನಗರ ಕಟ್ಟಿದ ಸಿಡ್ಕೋ, ಮಳೆನೀರು ತಂಗಲು ಕೊಳಗಳನ್ನು ಮಾಡಿತ್ತು. ಉಬ್ಬರದ ಹೊತ್ತಿಗೆ ಬಾಗಿಲು ಮುಚ್ಚಿ ಸಮುದ್ರವನ್ನು ತಡೆದು, ಇಳಿತಕ್ಕೆ ನೀರು ಬಿಡುವ ಜಾಣ್ಮೆಯ ಯೋಜನೆಯದು. ಆದರೆ ಕೊಳಗಳಲ್ಲಿ ಹೂಳು ತುಂಬಿ ಕಾಂಡ್ಲಾ ಬೆಳೆದಿದೆ. ಕಾಂಡ್ಲಾ ಕಡಿಯಲು ಕಾನೂನಿನ ತಡೆ, ಹೂಳೆತ್ತದಿದ್ದರೆ ವಾಶಿ, ಬೇಲಾಪುರದ ತಗ್ಗುಗಳಲ್ಲಿ ನೀರು. ಎರಡರಲ್ಲೂ ನ್ಯಾಯವಿದೆ, ನೆಲಮಹಡಿಯವರ ಗೋಳಿಗೆ ಮಾತ್ರ ಉತ್ತರವಿಲ್ಲ.

ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ ದಿನಕ್ಕೆ 204 ಮಿ.ಮೀ.ಗೂ ಮೀರಿದ ಮಳೆಯ ಸೂಚನೆ. ಅದು ಇಡೀ ಜಿಲ್ಲೆಗೆ ಬರುತ್ತದೆ, ನಮ್ಮ ಗಲ್ಲಿಗಲ್ಲ. ಹೀಗಾಗಿ 'ಅಲರ್ಟ್ ಕೊಟ್ಟರು, ಬಿಸಿಲು ಬಂತು' ಎಂದು ನಗುವವರು ಸಂಘಗಳಲ್ಲೂ ಇದ್ದಾರೆ. ನಮ್ಮ ಆಟಿ ತಿಂಗಳ ಕಾರ್ಯಕ್ರಮಗಳು ಬರುವುದೂ ಇದೇ ದಿನಗಳಲ್ಲಿ. ಊಟಕ್ಕೆ ಪತ್ರೊಡೆ ಎಷ್ಟು ಬೇಕೆಂದು ವಾರದ ಮೊದಲೇ ಲೆಕ್ಕ ಹಾಕುವ ಪದಾಧಿಕಾರಿಗಳು, ದಿನ ಗೊತ್ತುಮಾಡುವಾಗ ಪಂಚಾಂಗದಲ್ಲಿ ಅಮಾವಾಸ್ಯೆ-ಹುಣ್ಣಿಮೆಯನ್ನೂ ನೋಡಿಕೊಂಡರೆ ಒಳ್ಳೆಯದು. ದೊಡ್ಡ ಉಬ್ಬರ ಬರುವುದು ಅದರ ಆಸುಪಾಸಿನಲ್ಲೇ.