ಸ್ಪೀಕರ್ ಜೋರು ಮಾಡಿದ್ರೆ ಆಯ್ತಾ?

ಕಿವಿ ಸರಿ ಕೇಳದವರು ಇಗರ್ಜಿಯಲ್ಲಿ ಎಲ್ಲಿ ಕೂರಬೇಕು? ಉಡುಪಿ, ಕಾಪು, ಕಾರ್ಕಳ, ಎಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ: "ಎದುರಿನ ಬೆಂಚಲ್ಲಿ ಕೂತ್ಕೊಳ್ಳಿ ಅಜ್ಜಿ." ಅದೂ ಸಾಲದಿದ್ದರೆ ಸ್ಪೀಕರ್ ಜೋರು ಮಾಡುತ್ತಾರೆ. ಎರಡೂ ಪರಿಹಾರ ಅಲ್ಲ ಮಾರಾಯ್ರೆ.

ವಯಸ್ಸಿನ ಕಿವುಡಿನಲ್ಲಿ ಮೊದಲು ಕಳೆದುಹೋಗುವುದು ಮಾತಿನ ಸ್ಪಷ್ಟತೆ. ಸ, ಶ, ತ, ಕ ಥರದ ವ್ಯಂಜನಗಳು ಮಾಯವಾಗಿ ಸ್ವರಗಳ ಗುಂಯ್‌ಗುಡುವಿಕೆ ಉಳಿಯುತ್ತದೆ. ನಮ್ಮ ಇಗರ್ಜಿಗಳೋ, ಎತ್ತರದ ಮಾಡು, ನುಣುಪು ಗೋಡೆ, ಗ್ರಾನೈಟ್ ನೆಲ, ಸಾಲು ಸಾಲು ಫ್ಯಾನು, ಜೂನ್‌ನಿಂದಾಚೆಗೆ ಹೊರಗೆ ಧೋ ಮಳೆ. ವಾಲ್ಯೂಮ್ ಏರಿಸಿದರೆ ಪ್ರವಚನದ ಜೊತೆ ಪ್ರತಿಧ್ವನಿಯೂ ಏರುತ್ತದೆ. ಹಿಯರಿಂಗ್ ಏಡ್ ಇದೆಯಲ್ಲ ಅಂತೀರಾ? ಅದರ ಮೈಕ್ ಚೆನ್ನಾಗಿ ಹಿಡಿಯುವುದು ಒಂದೆರಡು ಮೀಟರ್ ದೂರದ ಮಾತನ್ನು. ಆಮೇಲೆ ಪಾದ್ರಿಗಳ ಮಾತೂ ಪಕ್ಕದ ಮಗುವಿನ ಅಳುವೂ ಅದಕ್ಕೆ ಒಂದೇ.

ಬೇಕಾಗಿರುವುದು ಆ ದೂರವನ್ನೇ ಇಲ್ಲದಂತೆ ಮಾಡುವ ಉಪಾಯ. ಅದು ಹೊಸದೂ ಅಲ್ಲ. ಮಿಕ್ಸರ್‌ನ ಒಂದು ಔಟ್‌ಪುಟ್‌ಗೆ ಪುಟ್ಟ ಟ್ರಾನ್ಸ್‌ಮಿಟರ್, ಕೂತವರ ಕೈಗೆ ರಿಸೀವರ್ ಮತ್ತು ಹೆಡ್‌ಫೋನ್. ಪ್ರವಾಸಿ ಗೈಡ್‌ಗಳು ಬಳಸುವ ಅದೇ ತಂತ್ರ. ಲೈಸೆನ್ಸ್ ಬೇಡದ 2.4 ಗಿಗಾಹರ್ಟ್ಸ್‌ನಲ್ಲೂ ಇಂಥವು ಸಿಗುತ್ತವೆ. ಹಿಯರಿಂಗ್ ಏಡ್‌ನಲ್ಲಿ ಟಿ-ಕಾಯಿಲ್ ಇದ್ದರೆ ಹೆಡ್‌ಫೋನ್ ಬದಲು ಕುತ್ತಿಗೆಗೊಂದು ನೆಕ್‌ಲೂಪ್ ಸಾಕು, ಪಾದ್ರಿಗಳ ಮೈಕ್ ನೇರ ಕಿವಿಯೊಳಗೆ. 2022ರಲ್ಲಿ ಬಂದ ಆರಾಕಾಸ್ಟ್‌ನಲ್ಲಿ ಒಂದು ಬ್ಲೂಟೂತ್ ಪ್ರಸಾರವನ್ನು ಎಷ್ಟು ಮಂದಿ ಬೇಕಾದರೂ ಕೇಳಬಹುದು. ಆದರೆ ಅಜ್ಜಿಯ ಹಳೇ ಯಂತ್ರ ಅದಕ್ಕೆ ಒಗ್ಗುವುದಿಲ್ಲ. ವೈಫೈ ಆ್ಯಪ್ ಮಾರುವವರೂ ಇದ್ದಾರೆ. ತುಟಿ ಅಲುಗಿದ ಮೇಲೆ ಮಾತು ಬಂದರೆ, ತುಟಿ ನೋಡಿ ಅರ್ಥಮಾಡಿಕೊಳ್ಳುವವರ ಗತಿ ಏನು?

ಎರಡನೇ ವ್ಯಾಟಿಕನ್ ಮಹಾಸಭೆ (1962-65) ಆದಮೇಲೆ ಬಲಿಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿಗೆ, ಕನ್ನಡಕ್ಕೆ ಬಂದದ್ದು ಯಾಕೆ? ಕೂತವರಿಗೆ ಅರ್ಥ ಆಗಲಿ ಅಂತ. ಎಪ್ಪತ್ತೈದು ದಾಟಿದ ಎಷ್ಟೋ ಮಂದಿಗೆ ಅದು ಈಗ ಮತ್ತೆ ಲ್ಯಾಟಿನ್ ಆಗಿದೆ. ಎಲ್ಲರೂ ಎದ್ದಾಗ ಏಳುತ್ತಾರೆ, ಕೂತಾಗ ಕೂರುತ್ತಾರೆ.

ಪಾಪನಿವೇದನೆಯದ್ದು ಇನ್ನೂ ಕಷ್ಟ. ಪಾದ್ರಿಗಳು ಧ್ವನಿ ಏರಿಸಬೇಕು, ಅಜ್ಜನೂ ಏರಿಸುತ್ತಾರೆ, ಹೊರಗಿನ ಕ್ಯೂಗೆ ಎಲ್ಲ ಗೊತ್ತಾಗುತ್ತದೆ. ಹಾಗಾಗಿ ಕೆಲವರು ಹೋಗುವುದನ್ನೇ ನಿಲ್ಲಿಸುತ್ತಾರೆ. ಯಾರೂ ಕಾರಣ ಕೇಳುವುದಿಲ್ಲ. ಒಂದು ಸಣ್ಣ ಮೈಕ್ ಮತ್ತು ಹೆಡ್‌ಫೋನ್‌ನಿಂದ ಮುಗಿಯುವ ಸಮಸ್ಯೆ ಇದು!

ಅರವತ್ತು ದಾಟಿದವರಲ್ಲಿ ನಾಲ್ಕನೇ ಒಂದಕ್ಕಿಂತ ಹೆಚ್ಚು ಮಂದಿಗೆ ತೊಂದರೆ ಕೊಡುವಷ್ಟು ಶ್ರವಣದೋಷ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರಲ್ಲಿ ಬಸಿಲಿಕಾ ಪಟ್ಟ ಪಡೆದ ಕಾರ್ಕಳದ ಅತ್ತೂರಿನ ಸಾಂತ್‌ಮಾರಿಗೆ ಜನವರಿಯಲ್ಲಿ ಸೇರುವ ಜನಸಾಗರದಲ್ಲಿ ಅಂಥ ಹಿರಿಯರು ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

"ರ‍್ಯಾಂಪ್ ಕಟ್ಟಿದ್ದೇವಲ್ಲ" ಅನ್ನುವವರಿಗೆ ಒಂದು ಮಾತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರ್ವಜನಿಕ ಕಟ್ಟಡ ಅನ್ನುವಾಗ ಧಾರ್ಮಿಕ ಬಳಕೆಯ ಖಾಸಗಿ ಕಟ್ಟಡವನ್ನೂ ಸೇರಿಸಿದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಕೊಟ್ಟದ್ದು ಐದು ವರ್ಷ. ಅದು 2022ಕ್ಕೇ ಮುಗಿಯಿತು. ದೇವಸ್ಥಾನ, ಮಸೀದಿ, ಸಭಾಭವನಕ್ಕೂ ಇದೇ ಕಾನೂನು. ಇಗರ್ಜಿ ಮೊದಲು ಮಾಡಿ ತೋರಿಸಿದರೆ ಯಾರೂ ಬೇಡ ಅನ್ನಲ್ಲ.

ದುಡ್ಡಿಲ್ಲ ಅನ್ನಬೇಡಿ. ಬೆಂಚಿಗೆ, ಫ್ಯಾನಿಗೆ, ಗಡಿಯಾರಕ್ಕೆ ತೀರಿಹೋದವರ ಹೆಸರು ಬರೆಸಿ ದಾನ ಕೊಡುವವರು ನಾವು. ಎಲ್‌ಇಡಿ ಗೋಡೆಗೆ ದುಬೈಯಿಂದ, ಬೆಂಗಳೂರಿಂದ ಹಣ ಬರುತ್ತದೆ. ಬದುಕಿರುವ ಅಪ್ಪನ ಹೆಸರಲ್ಲಿ ಹತ್ತು ರಿಸೀವರ್ ಕೊಡಿಸಿ, ಹೆಸರು ಬರೆಸಿದರೂ ಅಡ್ಡಿಯಿಲ್ಲ. ಪರಿಣತರಿಗೂ ಬರವಿಲ್ಲ, ಮಣಿಪಾಲದಲ್ಲೇ ಆಡಿಯಾಲಜಿ ಕಲಿಸುತ್ತಾರೆ. ಚಾರ್ಜ್ ಮಾಡಿ, ಹೆಡ್‌ಫೋನ್ ಒರೆಸಿ, ಪೂಜೆ ಮುಗಿದ ಮೇಲೆ ಎಣಿಸಿ ಇಡಲು ಒಬ್ಬ ಹುಡುಗ ಮಾತ್ರ ಖಂಡಿತ ಬೇಕು. ಇಲ್ಲದಿದ್ದರೆ ಮೂರೇ ತಿಂಗಳಲ್ಲಿ ಪೆಟ್ಟಿಗೆ ಸಕ್ರಿಸ್ತಿ ಕಪಾಟು ಸೇರುತ್ತದೆ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಊರಿಗೆ ಬರ್ತೀರಲ್ಲ, ಹೊಸ ತೆನೆ ತಗೊಂಡು ಹೊರಡುವ ಮೊದಲು ಸೌಂಡ್ ನೋಡಿಕೊಳ್ಳುವವರ ಹತ್ತಿರ ಹೋಗಿ, ಮಿಕ್ಸರ್‌ನಲ್ಲಿ ಆಕ್ಸ್ ಔಟ್ ಒಂದು ಖಾಲಿ ಇದೆಯಾ ಅಂತ ಕೇಳಿ. ಇದ್ದರೆ ಫೋಟೋ ತೆಗೆದುಕೊಂಡು ಬನ್ನಿ.