ಆಟದ ಓದು: ಮೈಯ ಲೆಕ್ಕ, ಹಣದ ಲೆಕ್ಕ

ಪಿ.ಯು.ಸಿ. ಫಲಿತಾಂಶ ಬಂದ ಕೂಡಲೇ ನಮ್ಮ ಊರುಗಳ ಮನೆಮನೆಯಲ್ಲೂ ಒಂದು ಸಣ್ಣ ಪಂಚಾಯಿತಿ ಕೂಡುತ್ತದೆ. ಹುಡುಗನನ್ನು ಯಾವ ಓದಿಗೆ ಹಚ್ಚುವುದು, ಹುಡುಗಿಯನ್ನು ಎಲ್ಲಿಗೆ ಕಳಿಸುವುದು, ಅದಕ್ಕೆ ಹಣ ಎಲ್ಲಿಂದ ತರುವುದು ಎಂಬುದೇ ಅಲ್ಲಿಯ ಚರ್ಚೆ. ವೈದ್ಯ, ಇಂಜಿನಿಯರು, ವಾಣಿಜ್ಯ ಎಂಬ ಹಳೆಯ ಹೆಸರುಗಳ ಜೊತೆಗೆ ಈಗ ಒಂದು ಹೊಸ ಹೆಸರೂ ಕೇಳಿಬರುತ್ತಿದೆ. ಅದು ಕ್ರೀಡಾ ವಿಜ್ಞಾನವನ್ನೂ ಕ್ರೀಡಾ ಆಡಳಿತವನ್ನೂ ಕೂಡಿಸಿ ಓದುವ ಪದವಿ. "ಆಟ ಆಡಿದರೆ ಹೊಟ್ಟೆ ತುಂಬೀತೆ?" ಎಂದು ಪಾಳಿ ಮುಗಿಸಿ ಬಂದ ಗಿರಣಿಯ ಕಾರ್ಮಿಕ ಕೇಳುತ್ತಾನೆ. "ಆಟಕ್ಕೂ ಒಬ್ಬ ಮ್ಯಾನೇಜರು ಬೇಕೆ?" ಎಂದು ಅಂಗಡಿಯ ಗಲ್ಲದ ಮೇಲೆ ಕುಳಿತವನು ಕೇಳುತ್ತಾನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಬೆವರು ಸುರಿಸಿ ಕೂಡಿಟ್ಟ ಹಣವನ್ನು ಹಾಕುವ ಮುನ್ನ ಹೀಗೆ ಕೇಳದೆ ಇರುವವನು ಜಾಣನಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇದು ಬೇಕಾದ ಓದು. ಎರಡನ್ನೂ ಕೂಡಿಸಿ ಓದುವುದೇ ಸರಿಯಾದ ಕ್ರಮ. ಆದರೆ ಇದು ಹಣವಂತರ ಮಕ್ಕಳ ಸ್ವತ್ತಾಗಿ ಉಳಿದರೆ ಅದರಿಂದ ಆಟಕ್ಕೂ ಕೇಡು, ಜನಕ್ಕೂ ಕೇಡು.

ಈ ವ್ಯಾಸಂಗದಲ್ಲಿ ಇರುವುದೇನು? ವಿಜ್ಞಾನದ ಭಾಗದಲ್ಲಿ ಹೃದಯ, ಶ್ವಾಸಕೋಶ, ಸ್ನಾಯುಗಳು ದುಡಿಯುವ ಬಗೆಯನ್ನು ಕಲಿಸುತ್ತಾರೆ. ಓಡುವಾಗ, ಎಗರುವಾಗ ಮೂಳೆ ಕೀಲುಗಳ ಮೇಲೆ ಬೀಳುವ ಭಾರ, ಆಹಾರ, ನೀರು, ನಿದ್ರೆ, ಮನಸ್ಸಿನ ಸ್ಥೈರ್ಯ, ಪೆಟ್ಟು ಬೀಳದಂತೆ ತಾಲೀಮು ಮಾಡಿಸುವ ಕ್ರಮ, ಇವೂ ಅದರಲ್ಲಿ ಸೇರಿವೆ. ಆಡಳಿತದ ಭಾಗದಲ್ಲಿ ಜಮಾಖರ್ಚು, ಕರಾರುಪತ್ರ, ಕಾನೂನು, ಮೈದಾನದ ನಿರ್ವಹಣೆ, ಟಿಕೀಟು ಮಾರಾಟ, ಜನಸಂದಣಿಯ ರಕ್ಷಣೆ, ಕ್ರೀಡಾಸಂಸ್ಥೆಗಳ ನಿಯಮಾವಳಿ ಬರುತ್ತವೆ. ಇಂಗ್ಲೆಂಡಿನಲ್ಲಿ ಇಂಥ ಪದವಿಗೆ ಸಾಮಾನ್ಯವಾಗಿ ಮೂರು ವರ್ಷ. ಆಸ್ಟ್ರೇಲಿಯಾದಲ್ಲಿ ಎರಡು ಪದವಿಗಳನ್ನು ಜೋಡಿಯಾಗಿ ನಾಲ್ಕು ವರ್ಷಗಳಲ್ಲಿ ಓದುವ ಪದ್ಧತಿಯುಂಟು. ಮೇಲುನೋಟಕ್ಕೆ ಇದು ಎತ್ತಿಗೂ ಕುದುರೆಗೂ ಒಂದೇ ನೊಗ ಕಟ್ಟಿದಂತೆ ಕಾಣಬಹುದು. ಆದರೆ ಈ ಎರಡು ವಿದ್ಯೆಗಳೂ ಹುಟ್ಟಿದ ಕಥೆಯನ್ನು ಕೇಳಿದರೆ ಇವನ್ನು ಬೇರೆಬೇರೆ ಇಡುವುದರಲ್ಲಿರುವ ಅಪಾಯ ಗೊತ್ತಾಗುತ್ತದೆ.

ಕ್ರೀಡಾ ವಿಜ್ಞಾನದ ಒಂದು ದೊಡ್ಡ ಬೇರು ಇರುವುದು ಆಟದ ಬಯಲಿನಲ್ಲಲ್ಲ, ಕಾರ್ಖಾನೆಯಲ್ಲಿ. 1923ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಬಟ್ಟೆ ಗಿರಣಿಯಲ್ಲಿ ನೂಲುವ ವಿಭಾಗದ ಕೆಲಸಗಾರರು ನಿಲ್ಲದೆ ಬಿಟ್ಟುಹೋಗುತ್ತಿದ್ದರು. ಕಾರಣ ಹುಡುಕಲು ಬಂದವರು ಎಲ್ಟನ್ ಮೇಯೊ. ದಿನದಲ್ಲಿ ಕೆಲವು ಬಾರಿ ವಿರಾಮ ಕೊಟ್ಟು ಮೈ ಚಾಚಲು ಬಿಟ್ಟಾಗ ಜನ ಉಳಿದರು, ಉತ್ಪನ್ನವೂ ಏರಿತು ಎಂದು ಅವರು ವರದಿ ಮಾಡಿದರು. ದಣಿದವನಿಗೆ ವಿಶ್ರಾಂತಿ ಬೇಕೆಂಬುದನ್ನು ತಿಳಿಯಲು ಪಂಡಿತರೇ ಬರಬೇಕಾಯಿತೆ ಎಂದು ನಮ್ಮ ನೂಲುವ ವಿಭಾಗದವರು ನಗಬಹುದು. ಆದರೆ ಧಣಿಗಳು ಕೆಲಸಗಾರನ ಮಾತನ್ನು ನಂಬುವುದಿಲ್ಲ, ಅಂಕಿಯನ್ನು ನಂಬುತ್ತಾರೆ.

1927ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಯಾಸವನ್ನೇ ಅಧ್ಯಯನ ಮಾಡುವ ಒಂದು ಪ್ರಯೋಗಶಾಲೆ ತೆರೆಯಿತು. ಅದನ್ನು ಇಟ್ಟದ್ದು ವೈದ್ಯಶಾಲೆಯಲ್ಲಲ್ಲ, ವ್ಯಾಪಾರಾಡಳಿತ ಕಲಿಸುವ ಶಾಲೆಯ ನೆಲಮಾಳಿಗೆಯಲ್ಲಿ! 1947ರಲ್ಲಿ ಮುಚ್ಚುವ ತನಕ ಅಲ್ಲಿ ಓಟಗಾರರನ್ನೂ ಕೂಲಿಕಾರರನ್ನೂ ಒಂದೇ ಅಳತೆಗೋಲಿನಿಂದ ಅಳೆದರು. ಬಾಸ್ಟನ್ ಮ್ಯಾರಥಾನ್ ಓಟವನ್ನು ಏಳು ಸಲ ಗೆದ್ದ ಕ್ಲಾರೆನ್ಸ್ ಡಿಮಾರ್ ಅಲ್ಲಿ ಪರೀಕ್ಷೆಗೆ ಒಳಗಾದರು. ಅವರ ಕಸುಬು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದು. ಓಡುವಾಗ ಇತರರ ರಕ್ತದಲ್ಲಿ ಸೇರುವಷ್ಟು ಲ್ಯಾಕ್ಟಿಕ್ ಆಮ್ಲ ಅವರ ರಕ್ತದಲ್ಲಿ ಸೇರುತ್ತಿರಲಿಲ್ಲವೆಂಬುದು ಅಲ್ಲಿ ತಿಳಿಯಿತು. ಅದೇ ಪ್ರಯೋಗಶಾಲೆಯವರು 1932ರಲ್ಲಿ ಬೌಲ್ಡರ್ ಅಣೆಕಟ್ಟಿನ ಕೆಲಸದ ಸ್ಥಳಕ್ಕೆ ಹೋದರು. ಹಿಂದಿನ ಬೇಸಗೆಯಲ್ಲಿ ಅಲ್ಲಿ ಬಿಸಿಲ ಧಗೆಗೆ ಕೂಲಿಗಳು ಸತ್ತಿದ್ದರು. ಬೆವರಿನಲ್ಲಿ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಬರಿಯ ನೀರು ಕುಡಿದರೆ ಸಾಲದು, ಉಪ್ಪನ್ನೂ ತುಂಬಬೇಕು ಎಂಬುದನ್ನು ಅವರು ಅಲ್ಲಿಯ ದುಡಿಮೆಗಾರರ ಮೈಯಿಂದ ಕಲಿತರು. ಇಂದು ಆಟಗಾರರು ಬಾಟಲಿಯಲ್ಲಿ ಕುಡಿಯುವ ಉಪ್ಪು-ಸಕ್ಕರೆಯ ಪಾನೀಯದ ಹಿಂದೆ ಇಂಥ ತಿಳುವಳಿಕೆಯೇ ಇದೆ. ದುಡಿಯುವವನ ಮೈಯನ್ನು ಅಳೆದು ಗಳಿಸಿದ ವಿದ್ಯೆ ದುಡಿಯುವವನ ಮಕ್ಕಳಿಗೆ ದಕ್ಕಬಾರದೆಂದರೆ ಅದು ಯಾವ ನ್ಯಾಯ?

ಇನ್ನು ಕ್ರೀಡಾ ಆಡಳಿತದ ಓದು. ಇದರ ಹುಟ್ಟು ಧಣಿಯ ಅಗತ್ಯದಿಂದ. ನ್ಯೂಯಾರ್ಕಿನ ಬ್ರೂಕ್ಲಿನ್ ದುಡಿಮೆಗಾರರ ಪೇಟೆ. ಅಲ್ಲಿಯ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡ ಜನರ ಉಸಿರಾಗಿತ್ತು. ಅದರ ಒಡೆಯ ವಾಲ್ಟರ್ ಓಮ್ಯಾಲಿ 1957ರಲ್ಲಿ ಜೇಮ್ಸ್ ಮೇಸನ್ ಎಂಬ ಪ್ರಾಧ್ಯಾಪಕರಿಗೆ ಪತ್ರ ಬರೆದು, ಕ್ರೀಡಾಂಗಣವನ್ನೋ ಕುದುರೆಜೂಜಿನ ಬಯಲನ್ನೋ ನಡೆಸಲು ಓದಿನಿಂದಲೇ ತಯಾರಾದ ಮನುಷ್ಯ ಎಲ್ಲಿ ಸಿಕ್ಕಾನು ಎಂದು ವಿಚಾರಿಸಿದರು. ಆ ಪತ್ರದ ಎಳೆಯಿಂದ 1966ರಲ್ಲಿ ಒಹಾಯೊ ವಿಶ್ವವಿದ್ಯಾನಿಲಯದಲ್ಲಿ ಕ್ರೀಡಾ ಆಡಳಿತದ ಮೊದಲ ಸ್ನಾತಕೋತ್ತರ ವ್ಯಾಸಂಗ ಆರಂಭವಾಯಿತು. ಪತ್ರ ಬರೆದ ಅದೇ ವರ್ಷ ಓಮ್ಯಾಲಿಯವರು ತಂಡವನ್ನು ಬ್ರೂಕ್ಲಿನ್‌ನಿಂದ ಕಿತ್ತು ಲಾಸ್ ಏಂಜಲೀಸಿಗೆ ಒಯ್ಯುವುದಾಗಿ ಸಾರಿದರು. ಹಳೆಯ ಕ್ರೀಡಾಂಗಣವನ್ನು 1960ರಲ್ಲಿ ಕೆಡವಿದರು. ತಲೆಮಾರುಗಳಿಂದ ಟಿಕೀಟು ಕೊಂಡು ಕೂಗಿ ಕುಣಿದ ಜನರನ್ನು ಯಾರೂ ಕೇಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವರ ಪ್ರೀತಿಗೆ ಒಂದು ಕಲಮೂ ಇರಲಿಲ್ಲ.

ಈ ಎರಡು ವಿದ್ಯೆಗಳು ಬೇರೆಬೇರೆಯಾಗಿ ನಡೆದರೆ ಏನಾಗುತ್ತದೆ? ಬರಿಯ ವಿಜ್ಞಾನ ಓದಿದವನು ಆಡಳಿತಗಾರ ಹೇಳಿದುದನ್ನು ಅಳೆದು ಕೊಟ್ಟು ಸುಮ್ಮನಾಗುತ್ತಾನೆ. ಬರಿಯ ಆಡಳಿತ ಓದಿದವನಿಗೆ ಆಟಗಾರನ ಮೊಣಕಾಲು ಯಂತ್ರದ ಬಿಡಿಭಾಗದಂತೆ ಕಾಣುತ್ತದೆ. ಸವೆದರೆ ಬದಲಾಯಿಸಿದರಾಯಿತು! ಇವರಿಬ್ಬರ ನಡುವೆ ಸಿಕ್ಕಿ ನುಗ್ಗಾಗುವುದು ಬಡವರ ಮನೆಯ ಆಟಗಾರ.

ಒರಿಸ್ಸಾದ ನೇಕಾರರ ಮನೆಯ ಮಗಳು ದ್ಯುತಿ ಚಂದ್ ಅವರನ್ನು ನೆನೆಯಿರಿ. 2014ರಲ್ಲಿ, ಮೈಯಲ್ಲಿ ಸಹಜವಾಗಿಯೇ ಇದ್ದ ಒಂದು ಹಾರ್ಮೋನಿನ ಪ್ರಮಾಣ ಹೆಚ್ಚೆಂದು ಅವರನ್ನು ಓಟದಿಂದ ಹೊರಗಿಟ್ಟರು. ಆಕೆ ಯಾವ ಮದ್ದನ್ನೂ ತೆಗೆದುಕೊಂಡಿರಲಿಲ್ಲ. ಪ್ರಕರಣ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯವರೆಗೂ ಹೋಯಿತು. ಈ ಹಾರ್ಮೋನಿನಿಂದ ಓಟಗಾರ್ತಿಗೆ ನಿಮ್ಮ ನಿಯಮವನ್ನು ಸಮರ್ಥಿಸುವಷ್ಟು ಲಾಭವಿದೆಯೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಆ ಮಂಡಳಿ 2015ರ ಜುಲೈಯಲ್ಲಿ ಆ ನಿಯಮವನ್ನೇ ತಡೆಹಿಡಿಯಿತು. ಮುಂದೆ ಅಂಥ ನಿಯಮಗಳು ಬೇರೆ ರೂಪದಲ್ಲಿ ಮರಳಿ ಬಂದಿವೆ, ವಾದವೂ ಮುಗಿದಿಲ್ಲ. ಆದರೆ ಆ ದಿನ ಗೆದ್ದದ್ದು ರಕ್ತದ ಲೆಕ್ಕವನ್ನೂ ಕಾನೂನಿನ ಲೆಕ್ಕವನ್ನೂ ಒಟ್ಟಿಗೆ ಓದಬಲ್ಲವರ ನೆರವಿನಿಂದ. ನೇಕಾರರ ಮಗಳಿಗೆ ಅಂಥವರು ಸಿಕ್ಕರು. ಎಲ್ಲರಿಗೂ ಸಿಕ್ಕಾರೆ?

ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 2024ರ ಆಗಸ್ಟ್ 6ರಂದು ಒಂದೇ ದಿನ ಮೂರು ಕುಸ್ತಿ ಗೆದ್ದ ವಿನೇಶ್ ಫೋಗಟ್ ಮರುದಿನ ಬೆಳಿಗ್ಗೆ 50 ಕಿಲೋ ಮಿತಿಗಿಂತ 100 ಗ್ರಾಂ ಹೆಚ್ಚು ತೂಗಿದರೆಂದು ಅನರ್ಹರಾದರು. ನೀರು ಬಿಟ್ಟು, ಬೆವರು ಹರಿಸಿ ತೂಕ ಇಳಿಸಿದ ಮೈ, ಒಂದು ಗುಟುಕು ಸಿಕ್ಕೊಡನೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದು ಮೈಯ ಧರ್ಮ. ಯಾವ ತೂಕದಲ್ಲಿ ಯಾರನ್ನು ಇಳಿಸಬೇಕು, ಎರಡನೆಯ ದಿನದ ತೂಕಕ್ಕೆ ಹೇಗೆ ಸಿದ್ಧರಾಗಬೇಕು ಎಂಬುದು ಆಡಳಿತದ ಧರ್ಮ. ಹಿಂದಿನ ವರ್ಷ, 2023ರಲ್ಲಿ, ಇದೇ ಕುಸ್ತಿಪಟುಗಳು ದೆಹಲಿಯ ಬೀದಿಯಲ್ಲಿ ಕುಳಿತು ತಮ್ಮ ಒಕ್ಕೂಟದ ಆಡಳಿತದ ವಿರುದ್ಧ ನ್ಯಾಯ ಕೇಳಬೇಕಾಗಿತ್ತೆಂಬುದನ್ನು ಓದುಗರು ಮರೆತಿರಲಾರರು.

ಇನ್ನೊಂದು ಸಂಗತಿ ನಮ್ಮ ನಾಡಿನದೇ. ಅದನ್ನು ಬರೆಯಲು ನೋವಾಗುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ, ಗೆದ್ದ ತಂಡವನ್ನು ನೋಡಲು ಬಂದ 11 ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಬಿಟ್ಟರು. ಯಾರ ತಪ್ಪು ಎಷ್ಟೆಂದು ತೂಗುವುದು ವಿಚಾರಣೆ ಮಾಡುವವರ ಕೆಲಸ. ನಾವು ಹೇಳುವುದು ಇಷ್ಟು: ಒಂದು ಬಾಗಿಲಿನಿಂದ ನಿಮಿಷಕ್ಕೆ ಎಷ್ಟು ಜನ ಸಾಗಬಹುದು, ಒಂದು ಚದರ ಮೀಟರಿನಲ್ಲಿ ಎಷ್ಟು ಜನ ನಿಂತರೆ ಉಸಿರು ಕಟ್ಟುತ್ತದೆ, ಯಾವ ಘಳಿಗೆಯಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಬೇಕು ಎಂಬುದಕ್ಕೆ ಶಾಸ್ತ್ರವಿದೆ. ಅದನ್ನು ಜಗತ್ತು ಹೆಣಗಳ ಲೆಕ್ಕ ಕೊಟ್ಟು ಕಲಿತಿದೆ. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ 66 ಜನ ಸತ್ತ ಮೇಲೆ, 1973ರಲ್ಲಿ ಬ್ರಿಟನ್ನಿನ ಸರಕಾರ ಕ್ರೀಡಾಂಗಣಗಳ ಸುರಕ್ಷತೆಗೆ ಕೈಪಿಡಿ ಹೊರಡಿಸಿತು. ಹಾಗಿದ್ದೂ 1989ರಲ್ಲಿ ಹಿಲ್ಸ್‌ಬರೋದಲ್ಲಿ ದುರಂತವಾಗಿ, ಸತ್ತವರ ಸಂಖ್ಯೆ ಕೊನೆಗೆ 97ಕ್ಕೆ ಮುಟ್ಟಿತು. ಮೊದಲು ತಪ್ಪನ್ನು ಹೊರಿಸಿದ್ದು ಸತ್ತವರ ತಲೆಯ ಮೇಲೆ, ಕುಡಿದು ನುಗ್ಗಿದರೆಂದು! ಅವರ ಮನೆಯವರು 27 ವರ್ಷ ಹೋರಾಡಿದ ಮೇಲೆ, 2016ರಲ್ಲಿ, ಪ್ರೇಕ್ಷಕರ ತಪ್ಪಿಲ್ಲ, ಅದು ಕಾನೂನುಬಾಹಿರ ಸಾವು ಎಂದು ಪಂಚರು ತೀರ್ಮಾನಿಸಿದರು. ಕ್ರೀಡಾ ಆಡಳಿತ ಎಂದರೆ ಕೋಟು ಹಾಕಿ ಜಾಹೀರಾತು ಹಿಡಿಯುವ ಕೆಲಸವಷ್ಟೇ ಅಲ್ಲ. ಅದು ಜೀವ ಕಾಯುವ ಕೆಲಸವೂ ಹೌದು.

ನಮ್ಮ ದೇಶದಲ್ಲಿ ದೈಹಿಕ ಶಿಕ್ಷಣದ ಓದು ಹೊಸದಲ್ಲ. ಮದರಾಸಿನ ವೈ.ಎಂ.ಸಿ.ಎ. ಕಾಲೇಜು 1920ರಲ್ಲಿ, ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು 1957ರಲ್ಲಿ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಆರಂಭವಾದವು. ಮಣಿಪುರದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾನಿಲಯಕ್ಕೆ 2018ರಲ್ಲಿ ಕಾಯಿದೆಯಾಯಿತು. ಇವುಗಳಿಂದ ಶಿಕ್ಷಕರೂ ತರಬೇತುದಾರರೂ ಬಂದರು, ಒಳ್ಳೆಯದೇ ಆಯಿತು. ಆದರೆ ಆಡಳಿತದ ವಿದ್ಯೆ ಹೆಚ್ಚಾಗಿ ಬೇರೆ ಕಡೆ, ದುಬಾರಿ ಶುಲ್ಕದ ಡಿಪ್ಲೊಮಾಗಳ ರೂಪದಲ್ಲಿ ಬೆಳೆಯಿತು. ತರಬೇತುದಾರ ಬಡವರ ಮನೆಯಿಂದ, ಮ್ಯಾನೇಜರು ಹಣವಂತರ ಮನೆಯಿಂದ ಎಂಬ ಹೊಸ ಜಾತಿಪದ್ಧತಿ ಇಲ್ಲಿಯೂ ಬೇರೂರುವುದನ್ನು ನಾವು ಒಪ್ಪುವುದಿಲ್ಲ.

ಆಟದಲ್ಲಿ ಹಣವಿಲ್ಲ ಎನ್ನುವ ಕಾಲ ಹೋಯಿತು. ಐ.ಪಿ.ಎಲ್. ಕ್ರಿಕೆಟಿನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕುಗಳೇ 48,390 ಕೋಟಿ ರೂಪಾಯಿಗೆ ಮಾರಾಟವಾದವು. ಹಣದ ಹೊಳೆ ಹರಿಯುತ್ತಿದೆ. ಆದರೆ ತಾಲ್ಲೂಕು ಮೈದಾನದ ನಲ್ಲಿಯಲ್ಲಿ ನೀರಿಲ್ಲ. 2025ರಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯನ್ನು ಮಾಡಿ, ಕ್ರೀಡಾ ಒಕ್ಕೂಟಗಳ ಕಾರ್ಯಕಾರಿ ಸಮಿತಿಗಳಲ್ಲಿ ಆಟಗಾರರಿಗೂ ಮಹಿಳೆಯರಿಗೂ ಸ್ಥಾನವಿರಬೇಕೆಂದು ವಿಧಿಸಿದೆ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಜಮಾಖರ್ಚು ಓದಲು ಬಾರದ ಆಟಗಾರನನ್ನು ಕುರ್ಚಿಯ ಮೇಲೆ ಕೂರಿಸಿದರೆ ಆತ ಮುಖಂಡರು ತೋರಿಸಿದಲ್ಲಿ ರುಜು ಹಾಕಿ ಎದ್ದು ಬರುತ್ತಾನೆ. ಕಾರ್ಮಿಕ ಸಂಘದಲ್ಲಿ ಲೆಕ್ಕ ತಿಳಿದ ಒಬ್ಬ ಕಾರ್ಮಿಕನಿದ್ದರೆ ಆಗುವ ವ್ಯತ್ಯಾಸ ನಮ್ಮ ಓದುಗರಿಗೆ ಗೊತ್ತಿದೆ. ಆಟದ ಸಂಘಕ್ಕೂ ಅದೇ ಮಾತು.

ಇಷ್ಟು ಹೇಳಿದ ಮೇಲೆ ತಂದೆತಾಯಿಗಳಿಗೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಈ ಪದವಿ ಪಡೆದವನು ವೈದ್ಯನೂ ಆಗುವುದಿಲ್ಲ, ಫಿಸಿಯೋಥೆರಪಿಸ್ಟನೂ ಆಗುವುದಿಲ್ಲ. ಆ ಕಸುಬಿಗೆ ಬೇರೆಯೇ ವ್ಯಾಸಂಗವಿದೆ. ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಬೇಕಾದರೆ ಅದಕ್ಕೆ ವಿಧಿಸಿರುವ ಬಿ.ಪಿ.ಎಡ್. ಮುಂತಾದ ಅರ್ಹತೆ ಬೇಕೇ ಬೇಕು. ಬಣ್ಣದ ಕರಪತ್ರದಲ್ಲಿ ಪ್ರಸಿದ್ಧ ಆಟಗಾರನ ಚಿತ್ರ ಹಾಕಿದ ಮಾತ್ರಕ್ಕೆ ಸಂಸ್ಥೆ ನಂಬಿಕೆಗೆ ಅರ್ಹವಾಗುವುದಿಲ್ಲ. ಪದವಿ ಕೊಡುವುದು ವಿಶ್ವವಿದ್ಯಾನಿಲಯವೋ, ಬರಿಯ ಒಂದು ಕಂಪೆನಿಯೋ? ಯು.ಜಿ.ಸಿ.ಯ ಮಾನ್ಯತೆ ಉಂಟೆ? ಪ್ರಯೋಗಶಾಲೆ ಇದೆಯೆ, ಅಥವಾ ಬರಿಯ ಬೋರ್ಡು ಇದೆಯೆ? ಹಿಂದಿನ ವರ್ಷ ಓದಿ ಹೊರಬಂದವರು ಈಗ ಎಲ್ಲಿದ್ದಾರೆ? ಈ ನಾಲ್ಕನ್ನು ಕೇಳದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ, ಮನೆಪತ್ರವನ್ನು ಒತ್ತೆಯಿಡಬೇಡಿ.

ಸರಕಾರಕ್ಕೆ ನಮ್ಮ ಒತ್ತಾಯ ಸ್ಪಷ್ಟವಾಗಿದೆ. ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಈ ಎರಡು ವಿದ್ಯೆಗಳನ್ನೂ ಒಂದೇ ಸೂರಿನಡಿ, ಬಡವರು ಕಟ್ಟಬಲ್ಲ ಶುಲ್ಕದಲ್ಲಿ, ಕನ್ನಡದಲ್ಲಿಯೂ ಕಲಿಸಬೇಕು. ವಿದ್ಯಾರ್ಥಿಗಳ ಅಭ್ಯಾಸ ದೊಡ್ಡ ತಂಡಗಳ ಕಚೇರಿಯಲ್ಲಿ ಮಾತ್ರ ನಡೆಯಬಾರದು. ಜಿಲ್ಲಾ ಕ್ರೀಡಾಂಗಣದಲ್ಲಿ, ಗರಡಿಮನೆಯಲ್ಲಿ, ಹಳ್ಳಿಯ ಕಬಡ್ಡಿ ಅಂಕಣದಲ್ಲಿ ನಡೆಯಬೇಕು. ಮೈದಾನದ ಬಾಗಿಲು, ಮೆಟ್ಟಿಲು, ನೀರು, ಶೌಚಾಲಯಗಳ ಪರಿಶೀಲನೆ ಅವರ ಪಾಠವಾಗಬೇಕು. ಅದೇ ವಿದ್ಯಾರ್ಥಿಗಳು ಗಿರಣಿಗೂ ಬಂದು ರಾತ್ರಿ ಪಾಳಿಯವರ ಆಯಾಸವನ್ನು ಅಳೆದರೆ ನಾವು ಬಾಗಿಲಲ್ಲಿ ನಿಂತು ಸ್ವಾಗತಿಸುತ್ತೇವೆ. ಈ ಸಲ ಅಳೆದ ಅಂಕಿ ಧಣಿಯ ಮೇಜಿಗೆ ಮಾತ್ರ ಹೋಗದೆ ಕಾರ್ಮಿಕನ ಕೈಗೂ ಬರಬೇಕು.

ಆಟಕ್ಕೂ ಮ್ಯಾನೇಜರು ಬೇಕೆ ಎಂದು ಕೇಳಿದ ಅಂಗಡಿಕಾರ ಬಂಧುವಿಗೆ ನಮ್ಮ ಉತ್ತರ: ಬೇಕು; ಅವನು ಈಗಾಗಲೇ ಇದ್ದಾನೆ ಕೂಡ. ಅವನು ಯಾರ ಮನೆಯಿಂದ ಬರಬೇಕು, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದೊಂದೇ ಇನ್ನು ತೀರ್ಮಾನವಾಗಬೇಕಾದ ಮಾತು.