ಕಣ್ಣಿಗೆ ಕಾಣದ ಚುಕ್ಕೆಗೆ ಹಣವೇಕೆ?

ಹೊಸ ಟೆಲಿವಿಷನ್ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ತಮ್ಮ ಪಡಸಾಲೆಯನ್ನು ಒಂದು ದಾರದಿಂದ ಅಳೆಯಬೇಕೆಂಬುದು ನನ್ನ ಅಭಿಪ್ರಾಯ. ಪರದೆ ನಿಲ್ಲುವ ಗೋಡೆಯಿಂದ ಮನೆಮಂದಿ ಕುಳಿತು ನೋಡುವ ಜಾಗದವರೆಗೆ ಎಷ್ಟು ಅಡಿ? ಈ ಒಂದು ಸಂಖ್ಯೆಯನ್ನು ತಿಳಿಯದೆ ಅಂಗಡಿಯ ಮೆಟ್ಟಿಲು ಹತ್ತಿದವರು ತಮಗೆ ಬೇಕಾದುದನ್ನು ಬಿಟ್ಟು, ಮಾರುವವನಿಗೆ ಬೇಕಾದುದನ್ನು ಹೊತ್ತು ತರುವ ಸಂಭವವೇ ಹೆಚ್ಚು.

ಗಿಣಿಗೇರಾದಂಥ ಊರುಗಳಲ್ಲಿ ಈ ಮಾತಿಗೆ ವಿಶೇಷವಾದ ಬೆಲೆಯುಂಟು. ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಸಾಗುವ ಹಾದಿಯಲ್ಲಿರುವ ಈ ಊರು ಇಂದು ರೈಲಿನ ಜಂಕ್ಷನ್. ಸುತ್ತಲೂ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು. ಪಾಳಿಯ ಮೇಲೆ ದುಡಿಯುವವರ ಮನೆಗಳಿಗೆ ಟೆಲಿವಿಷನ್ ಬರುವುದು ಸಾಮಾನ್ಯವಾಗಿ ದಸರೆ ದೀಪಾವಳಿಯ ಹೊತ್ತಿನಲ್ಲಿ, ಕೂಡಿಟ್ಟ ಹಣದಿಂದ ಅಥವಾ ಕಂತಿನ ಮೇಲೆ. ಇಂಥ ಮನೆಯೊಂದು 15,000 ರೂಪಾಯಿಗಳನ್ನು ಬದಿಗಿಟ್ಟಿದೆ ಎಂದು ಭಾವಿಸೋಣ. ಅಂಗಡಿಯಲ್ಲಿ ‘ಇನ್ನು ಏಳೆಂಟು ಸಾವಿರ ಹಾಕಿದರೆ ಫೋರ್‌-ಕೆ ಬರುತ್ತದೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಏಳೆಂಟು ಸಾವಿರದಿಂದ ಮನೆಯವರ ಕಣ್ಣಿಗೆ ನಿಜವಾಗಿ ಏನು ದೊರೆಯುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಇಂಥ ಲೆಕ್ಕವನ್ನು ಇದೇ ಸೀಮೆಯಲ್ಲಿ ಒಮ್ಮೆ ಬಹು ಜಾಣ್ಮೆಯಿಂದ ಹಾಕಿದ್ದುಂಟು. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಅದು ರಾಯಚೂರು ಜಿಲ್ಲೆಗೆ ಸೇರಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಚಿತ್ರಗಳು ಬಂದವು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡದ್ದು ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹ ಕಳುಹಿಸಿದ ಅಲೆಗಳನ್ನು ಹಿಡಿಯಲು ಪ್ರತಿ ಹಳ್ಳಿಗೂ ಮೂರು ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾ ಬೇಕಾಗಿತ್ತು. ಅದನ್ನು ನುಣುಪಾದ ಲೋಹದ ತಗಡಿನಿಂದ ಮಾಡಿದ್ದರೆ ವೆಚ್ಚ ಕೈಮೀರುತ್ತಿತ್ತು, ಗಾಳಿಗೆ ಅದು ನಿಲ್ಲುವುದೂ ಕಷ್ಟವಾಗುತ್ತಿತ್ತು. ನಮ್ಮ ಎಂಜಿನಿಯರುಗಳು ಕೋಳಿಗೂಡಿಗೆ ಹೊಂದಿಸುವ ತಂತಿಬಲೆಯಿಂದಲೇ ಅದನ್ನು ಮಾಡಿಸಿದರು.

ತೂತುತೂತಾದ ಬಲೆ ಕನ್ನಡಿಯಂತೆ ಕೆಲಸ ಮಾಡೀತೇ ಎಂದು ಸಂದೇಹ ಬರುವುದು ಸಹಜ. ಉಪಗ್ರಹದ ಅಲೆ ಸೆಕೆಂಡಿಗೆ 86 ಕೋಟಿ ಸಲ ಕಂಪಿಸುವಂಥದು. ಅದರ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟುದ್ದದ ಅಲೆಗೆ ಬೆರಳಗಲದ ತೂತುಗಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಲೆಗೂ ತಗಡಿಗೂ ಇರುವ ವ್ಯತ್ಯಾಸ ಅಲೆಗೆ ತಿಳಿಯುವುದಿಲ್ಲವೆಂದ ಮೇಲೆ ತಗಡಿಗೆ ಹಣ ತೆರುವುದು ಏಕೆ? ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಬಂದಿತು. ಬಲೆಯ ಆಂಟೆನಾಗಳು ಮರೆಯಾದವು. ಆದರೆ ಅವುಗಳ ಹಿಂದಿದ್ದ ತರ್ಕ ಇಂದಿನ ಅಂಗಡಿಗೂ ಹಾಗೆಯೇ ಸಲ್ಲುತ್ತದೆ. ಅಲ್ಲಿ ಅಲೆಗೆ ತಿಳಿಯದ ತೂತು. ಇಲ್ಲಿ ಕಣ್ಣಿಗೆ ತಿಳಿಯದ ಚುಕ್ಕೆ.

ಟೆಲಿವಿಷನ್ನಿನ ಚಿತ್ರ ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದ ಕೂಡಿದ್ದೆಂಬುದನ್ನು ವಾಚಕರು ಬಲ್ಲರು. ‘ಎಚ್‌.ಡಿ. ರೆಡಿ’ ಎಂಬ ಪರದೆಯಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕೆಗಳಿರುತ್ತವೆ, ‘ಫುಲ್ ಎಚ್‌.ಡಿ.’ಯಲ್ಲಿ 20 ಲಕ್ಷಕ್ಕೆ ಮಿಗಿಲು. ಫೋರ್‌-ಕೆಯಲ್ಲಿ ಸುಮಾರು 83 ಲಕ್ಷ. ಸಂಖ್ಯೆ ಬೆಳೆದಂತೆ ಬೆಲೆಯೂ ಬೆಳೆಯುತ್ತದೆ. ಆದರೆ ನಮ್ಮ ಕಣ್ಣು ಹಾಗೆ ಬೆಳೆಯುವುದಿಲ್ಲ. ಸಾಮಾನ್ಯ ದೃಷ್ಟಿಯುಳ್ಳವರು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಕೋನವನ್ನು ಮಾತ್ರ ಬೇರ್ಪಡಿಸಿ ಕಾಣಬಲ್ಲರು. ಕಣ್ಣಿನ ವೈದ್ಯರ ಗೋಡೆಯ ಅಕ್ಷರಪಟ್ಟಿಯೂ ಇದೇ ಅಳತೆಯ ಮೇಲೆ ನಿಂತಿದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಿಳಿಯ ಕಾಗದದ ಮೇಲೆ ಒಂದು ಮಿಲಿಮೀಟರ್ ದಪ್ಪದ ಕಪ್ಪು ಗೆರೆಗಳನ್ನು ಒಂದೊಂದು ಮಿಲಿಮೀಟರ್ ಬಿಟ್ಟು ಎಳೆದು, ಗೋಡೆಗೆ ಅಂಟಿಸಿ, ನೋಡುತ್ತಾ ಹಿಂದೆ ಹಿಂದೆ ಸರಿಯಿರಿ. ಸುಮಾರು ಹನ್ನೊಂದು ಅಡಿ ದಾಟುತ್ತಿದ್ದಂತೆ ಗೆರೆಗಳೆಲ್ಲ ಕೂಡಿ ಬರಿಯ ಬೂದು ಬಣ್ಣ ಉಳಿಯುತ್ತದೆ. ಮಕ್ಕಳ ಕಣ್ಣು ಚುರುಕಾಗಿದ್ದರೆ ಒಂದೆರಡು ಅಡಿ ಹೆಚ್ಚು, ಅಜ್ಜನದಾದರೆ ಕಡಿಮೆ.

ಈ ಅಳತೆಯನ್ನು ಪರದೆಗೆ ಹಚ್ಚೋಣ. 32 ಇಂಚಿನ ಎಚ್‌.ಡಿ. ರೆಡಿ ಪರದೆಯ ಒಂದು ಚುಕ್ಕೆಯ ಅಗಲ ಸುಮಾರು ಅರ್ಧ ಮಿಲಿಮೀಟರ್. ಆರು ಅಡಿಗಿಂತ ಆಚೆ ಕುಳಿತವರಿಗೆ ಅದು ಬಿಡಿಯಾಗಿ ಕಾಣಿಸದು. 43 ಇಂಚಿನ ಫುಲ್ ಎಚ್‌.ಡಿ. ಪರದೆಗೂ ಹೆಚ್ಚುಕಡಿಮೆ ಅದೇ ಆರು ಅಡಿಯ ಗಡಿ. 55 ಇಂಚಿನ ದೊಡ್ಡ ಪರದೆಯಲ್ಲಿಯೂ ಫುಲ್ ಎಚ್‌.ಡಿ. ಚುಕ್ಕೆಗಳು ಏಳು ಅಡಿಯಾಚೆ ಮಾಯವಾಗುತ್ತವೆ. ನಮ್ಮ ಪಡಸಾಲೆಗಳಲ್ಲಿ ಒಂದು ಗೋಡೆಗೆ ಟೆಲಿವಿಷನ್, ಎದುರು ಗೋಡೆಗೆ ಒರಗಿ ಕುಳಿತ ಮನೆಮಂದಿ. ನಡುವಿನ ಅಂತರ ಎಂಟರಿಂದ ಹತ್ತು ಅಡಿ. ಅಷ್ಟು ದೂರದಿಂದ 43 ಇಂಚಿನ ಫೋರ್‌-ಕೆ ಪರದೆಯನ್ನೂ ಫುಲ್ ಎಚ್‌.ಡಿ. ಪರದೆಯನ್ನೂ ಚುಕ್ಕೆಯ ಸಣ್ಣತನದ ಮೇಲಿಂದ ಬೇರೆ ಬೇರೆಯೆಂದು ಗುರುತಿಸುವುದು ಸಾಮಾನ್ಯ ಕಣ್ಣಿಗೆ ಆಗದ ಕೆಲಸ. ಅಂಗಡಿಯಲ್ಲಿ ವ್ಯತ್ಯಾಸ ಕಂಡಿತಲ್ಲ ಎನ್ನುವವರುಂಟು. ಕಾಣದೆ ಏನು? ಅಲ್ಲಿ ನಿಂತದ್ದು ಮೂರಡಿ ದೂರದಲ್ಲಿ.

ಪರದೆಯ ಗಾತ್ರದ ಮಾತು ಬೇರೆ. ಹತ್ತು ಅಡಿ ದೂರದಲ್ಲಿ ಕೂರುವ ಮನೆಗೆ 32 ಇಂಚು ಸಣ್ಣದೆನಿಸಬಹುದು. ಕಣ್ಣು ಮಂಜಾದ ಹಿರಿಯರಿದ್ದರೆ ಪರದೆಯ ಕೆಳಗೆ ಓಡುವ ಅಕ್ಷರಗಳಿಗಾಗಿಯಾದರೂ 43 ಇಂಚು ಒಳಿತು. ಹೆಚ್ಚಿನ ಹಣವೇನಾದರೂ ಇದ್ದರೆ ಗಾತ್ರಕ್ಕೆ ಕೊಡಿ, ಚುಕ್ಕೆಗಳ ಸಂಖ್ಯೆಗಲ್ಲ. ಹಿಂದೆ 32 ಇಂಚು ಮೀರಿದ ಸೆಟ್ಟುಗಳಿಗೆ ಶೇಕಡಾ 28ರಷ್ಟಿದ್ದ ಜಿ.ಎಸ್‌.ಟಿ. ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಸೆಟ್ಟುಗಳಂತೆಯೇ ಶೇಕಡಾ 18ಕ್ಕೆ ಇಳಿದಿರುವುದರಿಂದ ದೊಡ್ಡ ಪರದೆಗೆ ಮೊದಲಿನಷ್ಟು ದಂಡವಿಲ್ಲ. ಫೋರ್‌-ಕೆ ಸೆಟ್ಟು ಅದೇ ಬೆಲೆಗೆ ಸಿಕ್ಕಿದರೆ ಬೇಡವೆನ್ನಬೇಕಾಗಿಯೂ ಇಲ್ಲ. ಕಾಣದ ಚುಕ್ಕೆಯಿಂದ ಕೆಡುಕಿಲ್ಲ. ಅದಕ್ಕೆ ಬೇರೆಯಾಗಿ ಹಣ ತೆರುವುದರಲ್ಲಿ ಕೆಡುಕಿದೆ.

ಇನ್ನೊಂದು ಸಂಗತಿ ಬಹುಮಂದಿಯ ಲಕ್ಷ್ಯಕ್ಕೆ ಬರುವುದೇ ಇಲ್ಲ. ಪರದೆ ತಾನಾಗಿ ಚಿತ್ರವನ್ನು ಹುಟ್ಟಿಸಲಾರದು. ತಿಂಗಳ ಶುಲ್ಕವಿಲ್ಲದ ಡಿ.ಡಿ. ಫ್ರೀ ಡಿಶ್‌ನಲ್ಲಿ ಬರುವ ಹೆಚ್ಚಿನ ವಾಹಿನಿಗಳ ಚಿತ್ರ 576 ಗೆರೆಗಳದು, ಅಂದರೆ ಸುಮಾರು ನಾಲ್ಕು ಲಕ್ಷ ಚುಕ್ಕೆಗಳದು. ಅದನ್ನು ತಂದು 83 ಲಕ್ಷ ಚುಕ್ಕೆಗಳ ಪರದೆಯ ಮೇಲೆ ಹರಡುವುದೆಂದರೆ ಒಂದು ಸೇರು ಜೋಳವನ್ನು ಇಪ್ಪತ್ತು ಸೇರಿನ ಚೀಲಕ್ಕೆ ಸುರಿದಂತೆ. ಯಂತ್ರವು ನಡುವಿನ ಚುಕ್ಕೆಗಳನ್ನು ಊಹಿಸಿ ತುಂಬುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಈ ಊಹೆ ಒರಟಾಗಿರುವುದರಿಂದ ಮುಖಗಳು ಮೇಣ ಹಚ್ಚಿದಂತೆ ತೋರುತ್ತವೆ. ಅಂತರ್ಜಾಲದ ಮೂಲಕ ನಿಜವಾದ ಫೋರ್‌-ಕೆ ಚಿತ್ರವನ್ನು ತರಿಸುವುದಾದರೆ ಗಂಟೆಗೆ ಏಳು ಜಿ.ಬಿ.ಯಷ್ಟು ದತ್ತಾಂಶ ಖರ್ಚಾಗಬಹುದು. ದಿನಕ್ಕೆ ಎರಡು ಜಿ.ಬಿ. ದೊರೆಯುವ ಮೊಬೈಲಿನಿಂದಲೇ ಟೆಲಿವಿಷನ್ನಿಗೆ ಸಂಪರ್ಕ ಕೊಡುವ ಮನೆಯಲ್ಲಿ ಅದು ಇಪ್ಪತ್ತು ನಿಮಿಷಕ್ಕೂ ಸಾಲದು.

ಹಾಗಾದರೆ ಕಣ್ಣಿಗೆ ನಿಜಕ್ಕೂ ತಿಳಿಯುವ ಗುಣಗಳು ಯಾವುವು? ನಮ್ಮ ಮನೆಗಳ ಮಟ್ಟಿಗೆ ಮೊದಲನೆಯದು ಓರೆಯಿಂದ ನೋಡಿದಾಗಲೂ ಬಣ್ಣ ಕೆಡದಿರುವುದು. ಪಾಶ್ಚಾತ್ಯ ದೇಶಗಳ ಪುಸ್ತಕಗಳಲ್ಲಿ ನೋಡುಗನು ಯಾವಾಗಲೂ ಸೋಫಾದ ಮೇಲೆ, ಪರದೆಯ ನೇರಕ್ಕೆ ಕುಳಿತಿರುತ್ತಾನೆ. ನಮ್ಮಲ್ಲಿ ಟೆಲಿವಿಷನ್ನನ್ನು ಮಕ್ಕಳ ಕೈಗೆ ಎಟುಕದಂತೆ ಆಳೆತ್ತರಕ್ಕೆ ತೂಗುಹಾಕಿ, ನಾವು ಚಾಪೆಯ ಮೇಲೆ ಕೂರುತ್ತೇವೆ. ನೆಲದಲ್ಲಿ ಕುಳಿತವರ ಕಣ್ಣು ಎರಡೂವರೆ ಅಡಿ ಎತ್ತರದಲ್ಲಿದ್ದು ಪರದೆಯ ನಡುಮಧ್ಯ ಆರಡಿ ಎತ್ತರದಲ್ಲಿದ್ದರೆ, ಎಂಟು ಅಡಿ ದೂರದಿಂದ ನೋಟ ಸುಮಾರು 24 ಡಿಗ್ರಿ ಓರೆಯಾಗುತ್ತದೆ. ದ್ರವ ಹರಳಿನ ಪರದೆಗಳಲ್ಲಿ ಎರಡು ಜಾತಿ. ವಿ.ಎ. ಎಂಬುದರಲ್ಲಿ ಕಪ್ಪು ಗಾಢ, ಆದರೆ ಓರೆನೋಟಕ್ಕೆ ಚಿತ್ರ ಬಿಳಿಚಿಕೊಳ್ಳುತ್ತದೆ, ಐ.ಪಿ.ಎಸ್. ಎಂಬುದರಲ್ಲಿ ಕಪ್ಪು ಅಷ್ಟು ಗಾಢವಲ್ಲ, ಆದರೆ ಬದಿಯಿಂದಲೂ ಕೆಳಗಿನಿಂದಲೂ ಬಣ್ಣ ನಿಲ್ಲುತ್ತದೆ. ನಮ್ಮ ಪಡಸಾಲೆಗೆ ಎರಡನೆಯದೇ ಹಿತ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರದಿದ್ದರೆ ಚಿಂತೆಯಿಲ್ಲ. ಅಂಗಡಿಯಲ್ಲಿ ಸೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮೇಲೆ ನೋಡಿ. ನಾಲ್ಕು ಜನ ನಕ್ಕರೂ ನಷ್ಟವಿಲ್ಲ. ಸೆಟ್ಟನ್ನು ಸ್ವಲ್ಪ ತಗ್ಗಿಸಿ ಹಾಕಿದರೆ ಇನ್ನೂ ಒಳ್ಳೆಯದು, ಅದಕ್ಕೆ ದುಡ್ಡೂ ಬೇಕಿಲ್ಲ.

ಕುಳಿತು ನೋಡುವಾಗ ಮತ್ತೊಂದು ಬೇಡಿಕೆಯನ್ನೂ ಇಡಬೇಕು. ಅಂಗಡಿಯ ಸೆಟ್ಟುಗಳನ್ನು ‘ವಿವಿಡ್’ ಎಂಬ ಕಣ್ಣು ಕೋರೈಸುವ ಸ್ಥಿತಿಯಲ್ಲಿ ಓಡಿಸುತ್ತಾರೆ. ಅದನ್ನು ‘ಸ್ಟ್ಯಾಂಡರ್ಡ್’ಗೆ ತಿರುಗಿಸಿ ತೋರಿಸಿರೆಂದು ಕೇಳಿ, ಮನೆಯಲ್ಲಿ ನೋಡುವುದು ಆ ಚಿತ್ರವನ್ನೇ. ಇನ್ನು ‘ಎಚ್‌.ಡಿ.ಆರ್.’ ಎಂಬ ಮುದ್ರೆ. ಬೆಳಕು ನೆರಳುಗಳ ಅಂತರವನ್ನು ಹಿಗ್ಗಿಸಿ ತೋರುವ ಈ ವಿಧಾನ ದುಬಾರಿ ಪರದೆಗಳಲ್ಲಿ ನಿಜವಾಗಿಯೂ ಸೊಗಸು. ಆದರೆ ಅದಕ್ಕೆ ಪರದೆ ಬಹಳ ಪ್ರಕಾಶವಾಗಿ ಬೆಳಗಬೇಕು. ಅಗ್ಗದ ಸೆಟ್ಟು ಅಂಥ ಸಂಕೇತವನ್ನು ಒಳಕ್ಕೆ ಬರಮಾಡಿಕೊಳ್ಳುತ್ತದೆ, ತೋರಿಸುವ ಶಕ್ತಿ ಮಾತ್ರ ಅದಕ್ಕಿರುವುದಿಲ್ಲ.

‘ಸ್ಮಾರ್ಟ್’ ಎಂಬ ವಿಶೇಷಣದ ವಿಷಯದಲ್ಲಿಯೂ ನನಗೆ ಅಷ್ಟೊಂದು ಉತ್ಸಾಹವಿಲ್ಲ. ಪರದೆ ಎಂಟು ಹತ್ತು ವರ್ಷ ಬಾಳಬಹುದು. ಅದರೊಳಗಿನ ಪುಟ್ಟ ಗಣಕಯಂತ್ರ ಅದಕ್ಕೆ ಬಹು ಮೊದಲೇ ಮುದಿಯಾಗುತ್ತದೆ. ಸಾದಾ ಸೆಟ್ಟು ಕೊಂಡು, ಬೇಕಾದಾಗ ಹಿಂದಿನ ಕಿಂಡಿಗೆ ಸಣ್ಣ ಸ್ಟಿಕ್ ಒಂದನ್ನು ಸಿಕ್ಕಿಸಿದರೆ, ಮುದಿಯಾದ ಭಾಗವನ್ನಷ್ಟೇ ಬದಲಿಸಬಹುದು.

ಉಳಿದ ಹಣವನ್ನು ಎಲ್ಲಿ ಹಾಕಬೇಕು? ನನ್ನ ಮಟ್ಟಿಗೆ ಇದಕ್ಕೆ ಒಂದೇ ಉತ್ತರ: ವಿದ್ಯುತ್ತಿನಿಂದ ಸೆಟ್ಟನ್ನು ಕಾಪಾಡುವುದಕ್ಕೆ. ಇಂದಿನ ಸೆಟ್ಟುಗಳು ವೋಲ್ಟೇಜು ಕುಗ್ಗಿದರೆ ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಹಳೆಯ ಕಾಲದ ಸ್ಟೆಬಿಲೈಜರು ಹೆಚ್ಚಿನವಕ್ಕೆ ಬೇಕಿಲ್ಲ. ಅವು ತಾಳಲಾರದ್ದು ಏರಿಕೆಯನ್ನು. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಮನೆಯೊಳಗೆ 230 ವೋಲ್ಟಿನ ಬದಲು 400ರ ಸಮೀಪಕ್ಕೂ ಏರಬಹುದು. ಆ ಕ್ಷಣದಲ್ಲಿ ಫೋರ್‌-ಕೆಗೂ ಎಚ್‌.ಡಿ. ರೆಡಿಗೂ ಒಂದೇ ಗತಿ. ಮಿತಿ ಮೀರಿದ ವೋಲ್ಟೇಜು ಬಂದೊಡನೆ ಸಂಪರ್ಕವನ್ನು ಕಡಿಯುವ ಸಾಧನ, ಸರಿಯಾದ ಅರ್ಥಿಂಗ್, ಇವೆರಡರ ವೆಚ್ಚ ಫೋರ್‌-ಕೆಗೆಂದು ಕೇಳಿದ ಆ ಏಳೆಂಟು ಸಾವಿರದ ಒಂದು ಅಂಶ ಮಾತ್ರ. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ಗನ್ನು ಕಿತ್ತರೆ ಸಾಲದು. ಮಾಳಿಗೆಯ ಡಿಶ್ಶಿನಿಂದ ಇಳಿದು ಬರುವ ಕೇಬಲನ್ನೂ ಬಿಚ್ಚಿಡಬೇಕು. ಮಿಂಚಿನ ಹೊಡೆತ ಆ ದಾರಿಯಲ್ಲಿಯೂ ಬರುತ್ತದೆ.

ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳವರು ಕರಿಧೂಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ. ಅದು ಉಸಿರಿಗೆ ಮಾಡುವ ಹಾನಿಯ ಮುಂದೆ ಟೆಲಿವಿಷನ್ನಿಗೆ ಮಾಡುವುದು ಅಲ್ಪವೇ, ಆದರೂ ಹೇಳಬೇಕು. ಇಂಗಾಲ ಬೆರೆತ ಧೂಳು ಸೆಟ್ಟಿನ ಹಿಂಬದಿಯ ಕಿಂಡಿಗಳಲ್ಲಿ ಕೂತು ಮಳೆಗಾಲದ ತೇವದೊಡನೆ ಕೂಡಿದರೆ, ವಿದ್ಯುತ್ತು ಹರಿಯಬಾರದ ಕಡೆ ಅದಕ್ಕೆ ದಾರಿ ಮಾಡಿಕೊಡುತ್ತದೆ. ನೋಡದ ಹೊತ್ತಿನಲ್ಲಿ ಸೆಟ್ಟಿಗೆ ಬಟ್ಟೆಯ ಮುಸುಕು ಹಾಕುವ ನಮ್ಮ ತಾಯಂದಿರ ಪದ್ಧತಿಯನ್ನು ಹಳೆಯದೆಂದು ಬಿಡಬೇಕಾಗಿಲ್ಲ. ಸೆಟ್ಟು ಆರಿಸಿ ತಣ್ಣಗಾದ ಮೇಲೆ ಹಾಕಿದರಾಯಿತು.

ವಿದ್ಯುತ್ತಿನ ಖರ್ಚೂ ಗಣನೆಗೆ ಬರತಕ್ಕದ್ದೇ. 50 ವಾಟಿನ 32 ಇಂಚಿನ ಸೆಟ್ಟು ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ ಏಳೂವರೆ ಯೂನಿಟ್. ದೊಡ್ಡ ಸೆಟ್ಟಿಗೆ ಇದರ ಇಮ್ಮಡಿಯೂ ಆಗಬಹುದು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಉಚಿತವೆಂದು ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಉಚಿತವಾದದ್ದು ಆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. 200 ಎಂಬುದು ಮೇಲಿನ ಗಡಿ. ಹಿಂದೆ ಟೆಲಿವಿಷನ್ನೇ ಇಲ್ಲದಿದ್ದ ಮನೆಗೆ ಹೊಸ ಸೆಟ್ಟಿನ ಯೂನಿಟ್ಟುಗಳು ಬಿಲ್ಲಿನಲ್ಲಿ ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಸೆಟ್ಟಿನ ಮೇಲಿನ ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದು ನಮೂದಾಗಿರುತ್ತದೆ. ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಆ ಸಂಖ್ಯೆಯನ್ನು ಓದುವುದು ಮೇಲು.

ಕಂತಿನ ಮಾತಿಗೆ ಬರೋಣ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕವನ್ನು ನಂಬಬೇಡಿ. ಬಡ್ಡಿಯೇ ಇಲ್ಲದ ಸಾಲವೆಂಬುದು ಇರಲಾರದೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿ ಎಲ್ಲಿಯೋ ಅಡಗಿರುತ್ತದೆ: ಒಮ್ಮೆ ಸಂಸ್ಕರಣ ಶುಲ್ಕವೆಂದು, ಒಮ್ಮೆ ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಇಲ್ಲವೆಂದು. ‘ನಗದಾದರೆ ಎಷ್ಟು?’ ಎಂದು ಮೊದಲು ಕೇಳಿ, ಆಮೇಲೆ ಕಂತುಗಳನ್ನೆಲ್ಲ ಕೂಡಿಸಿ ನೋಡಿದರೆ ಅದು ಹೊರಬೀಳುತ್ತದೆ.

ಹಣ ಎಣಿಸುವ ಮೊದಲು ಸೆಟ್ಟಿನ ಹಿಂಬದಿಯ ಪಟ್ಟಿಯನ್ನು ನೋಡಿ. ಭಾರತೀಯ ಮಾನಕ ಸಂಸ್ಥೆಯಲ್ಲಿ ನೋಂದಣಿಯಾದ ಸೆಟ್ಟಿನ ಮೇಲೆ ‘ಆರ್’ ಎಂಬ ಇಂಗ್ಲಿಷ್ ಅಕ್ಷರದಿಂದ ಮೊದಲಾಗುವ ಸಂಖ್ಯೆಯೊಂದು ಇರಬೇಕು. ಅದಿಲ್ಲದ, ಬಿಡಿಭಾಗಗಳನ್ನು ಜೋಡಿಸಿ ಹೆಸರು ಅಂಟಿಸಿದ ಸರಕನ್ನು ಅಗ್ಗವೆಂದು ಮುಟ್ಟಬಾರದು. ಕಡೆಯದಾಗಿ, ಕೆಟ್ಟರೆ ದುರಸ್ತಿಗೆ ಯಾರು, ಎಲ್ಲಿಂದ ಬರುತ್ತಾರೆಂದು ಕೇಳಿ. ಕೊಪ್ಪಳದಿಂದಲೋ ಹೊಸಪೇಟೆಯಿಂದಲೋ ಬರುವವನಾದರೆ ಗಿಣಿಗೇರಾಕ್ಕೆ ಅದೇ ದಿನ ಬಂದಾನು. ಬೆಂಗಳೂರಿಗೆ ಫೋನು ಮಾಡಿರೆಂದು ಅಂಗಡಿಯವನು ಹೇಳಿದರೆ, ಪಕ್ಕದ ಅಂಗಡಿಯೂ ತೆರೆದೇ ಇರುತ್ತದೆ.